ಕೊಡಗಿನ ತೊರೆಗಳಲ್ಲಿ ಅಕ್ವೇರಿಯಂ ಗಿಡ ಹುಡುಕೋಕೆ ಹೊರಟಿದ್ದೇವೆ, ಎಲ್ಲಿ ನೋಡಬೇಕು?

ಸರಸ್ವತಿಪುರಂ ಟ್ಯಾಂಕ್:

ನಮಸ್ಕಾರ ಎಲ್ಲರಿಗೂ. ಮೈಸೂರಿನಿಂದ ನಾವೊಂದಿಷ್ಟು ಗೆಳೆಯರು ನವೆಂಬರ್ ಕೊನೆಯಲ್ಲಿ ಕೊಡಗಿಗೆ ಹೊರಟಿದ್ದೇವೆ. ಸುಮ್ನೆ ಸುತ್ತಾಡೋಕಲ್ಲ, ತೊರೆಗಳಲ್ಲಿ ನೀರುಗಿಡ ಹುಡುಕೋಕೆ. ವಿರಾಜಪೇಟೆ ಕಡೆ ಗೆಳೆಯನ ಮಾವನವರ ಕಾಫಿ ತೋಟ ಇದೆ. ತೋಟದ ಕೆಳಗೆ ವರ್ಷಪೂರ್ತಿ ನೀರಿರುವ ತೊರೆ. ಅಲ್ಲಿಂದ ಇರ್ಪು ಜಲಪಾತದ ಕಡೆಗೂ ಹೋಗಿ ನೋಡೋಣ ಅಂತ ಇದೆ.

ನನ್ನ ಮೂರಡಿ ತೊಟ್ಟಿಯಲ್ಲಿ ಲ್ಯಾಜೆನಾಂಡ್ರಾ ಮೀಬೋಲ್ಡಿ, ರೋಟಾಲಾ ಮ್ಯಾಕ್ರಾಂಡ್ರಾ, ಪೋಗೋಸ್ಟೆಮನ್ ಎರೆಕ್ಟಸ್ ಇವೆ. ಮೂರೂ ನಮ್ಮ ಸಹ್ಯಾದ್ರಿ ಸೀಮೆಯ ಗಿಡಗಳು ಅಂತ ಗೊತ್ತಾಗಿದ್ದು ಇತ್ತೀಚೆಗೆ. ನನ್ನ ಕೈಗೆ ಬಂದದ್ದು ಹೊರದೇಶದ ಲ್ಯಾಬಿನಲ್ಲಿ ಬೆಳೆದು, ಪ್ಲಾಸ್ಟಿಕ್ ಕಪ್‌ನಲ್ಲಿ ಕೂತು, ವಿಮಾನದಲ್ಲಿ ಬಂದ ಗಿಡಗಳು. ಅವು ಹುಟ್ಟಿದ ನೆಲದಲ್ಲಿ ಹೇಗಿರುತ್ತವೆ ಅಂತ ಕಣ್ಣಾರೆ ನೋಡಲೇಬೇಕು ಅನ್ನಿಸಿದೆ. ಎಲ್ಲಿ ಹುಡುಕಬೇಕು, ಏನೇನು ಒಯ್ಯಬೇಕು, ಸಿಕ್ಕರೆ ಒಂದೆರಡು ತರಬಹುದಾ? ಗೊತ್ತಿದ್ದವರು ಹೇಳಿ.

ಗಿಡದ ಮೇಷ್ಟ್ರು:

ಒಳ್ಳೆ ಕೆಲಸ. ಮೊದಲು ಕೊನೇ ಪ್ರಶ್ನೆಗೆ ಉತ್ತರ. ಇರ್ಪು ಇರುವುದು ಬ್ರಹ್ಮಗಿರಿ ವನ್ಯಧಾಮದ ಮಗ್ಗುಲಲ್ಲಿ. ವನ್ಯಧಾಮದಿಂದ ಅನುಮತಿ ಇಲ್ಲದೆ ಒಂದು ಎಲೆ ತಂದರೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು. ನಾಗರಹೊಳೆ, ಬಂಡೀಪುರ, ತಲಕಾವೇರಿ, ಪುಷ್ಪಗಿರಿ ಎಲ್ಲಾ ಕಡೆಯೂ ಇದೇ ಮಾತು. ಮೀಸಲು ಅರಣ್ಯಕ್ಕೆ ಬೇರೆ ಅರಣ್ಯ ಕಾಯ್ದೆ ಇದೆ. ಅಲ್ಲೆಲ್ಲ ಕಣ್ಣು ಮತ್ತು ಕ್ಯಾಮೆರಾ ಅಷ್ಟೇ. ತೋಟದ ತೊರೆ ಬೇರೆ ವಿಷಯ. ಯಜಮಾನರು ಒಪ್ಪಿದರೆ ಅಲ್ಲಿ ಇಳಿದು ನೋಡಬಹುದು. ಹಾಗಾಗಿ ನಿಮ್ಮ ಸಮಯವೆಲ್ಲ ತೋಟದಲ್ಲೇ ಕಳೆಯಿರಿ.

ಇನ್ನು ಎಲ್ಲಿ ನೋಡಬೇಕು ಅಂತ. ಬೋರ್ನಿಯೋ ದ್ವೀಪದ ತೊರೆಗಳ ವಿಡಿಯೋ ನೋಡಿ, ನೀರಿನೊಳಗೆ ಹಸಿರು ಹಾಸಿರುತ್ತದೆ ಅಂದುಕೊಂಡು ಹೋಗಬೇಡಿ. ನಮ್ಮ ಘಟ್ಟದ ತೊರೆಗಳಲ್ಲಿ ಮರದ ನೆರಳು ದಟ್ಟ, ಮಳೆಗಾಲದ ನೀರಿನ ರಭಸ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊರೆ ತನ್ನ ತಳದ ಕಲ್ಲನ್ನೇ ಉರುಳಿಸುತ್ತದೆ, ಇನ್ನು ಮೆತ್ತಗಿನ ಕಾಂಡದ ಗಿಡ ನಡುನೀರಲ್ಲಿ ಹೇಗೆ ನಿಲ್ಲಬೇಕು? ಅಲ್ಲಿ ಉಳಿಯುವುದು ಗಟ್ಟಿ ಗೆಡ್ಡೆ ಇರುವ, ಕಲ್ಲಿನ ಸಂದಿಗೆ ಬೇರು ಬಿಡುವ ಗಿಡಗಳೇ. ಆದ್ದರಿಂದ ತೊರೆ ತಿರುಗುವ ಜಾಗದಲ್ಲಿ ಒಳಮಗ್ಗುಲು ನೋಡಿ. ನೀರು ನಿಧಾನವಾಗಿ, ಮರಳು ಮತ್ತು ತರಗೆಲೆ ಸೇರಿಕೊಳ್ಳುವುದು ಅಲ್ಲೇ. ದೊಡ್ಡ ಬಂಡೆಯ ಹಿಂದೆ ನೋಡಿ. ದಡದಲ್ಲಿ ನೀರು ಜಿನುಗುವ ಕೆಸರಿನ ಪಟ್ಟಿ ನೋಡಿ. ನೀವು ಹುಡುಕುವ ಗಿಡಗಳಲ್ಲಿ ಜಾಸ್ತಿ ಪಾಲು ನೀರಿನ ಮೇಲೆ ಎಲೆ ಎತ್ತಿಕೊಂಡೇ ನಿಂತಿರುತ್ತವೆ. ಅಂಗಡಿಯಲ್ಲಿ ನೀರೊಳಗೆ ನೋಡಿದ ರೂಪ ಅಲ್ಲಿರುವುದಿಲ್ಲ.

ಲ್ಯಾಜೆನಾಂಡ್ರಾ ಮತ್ತು ಕ್ರಿಪ್ಟೋಕೋರೈನ್ ಎರಡೂ ಕೆಸುವಿನ ಬಳಗ. ಹೂವಿಲ್ಲದಿದ್ದರೆ ಬೇರೆ ಮಾಡುವುದು ಕಷ್ಟ ಅಂತಾರೆ, ಆದರೆ ಒಂದು ಸುಲಭದ ಗುರುತು ಇದೆ. ಇನ್ನೂ ಬಿಚ್ಚದ ಎಳೆ ಎಲೆ ನೋಡಿ. ಎರಡೂ ಅಂಚು ಒಳಕ್ಕೆ ಸುರುಳಿಯಾಗಿ ನಡುನರದ ಕಡೆ ಬಂದಿದ್ದರೆ ಲ್ಯಾಜೆನಾಂಡ್ರಾ. ಒಂದು ಅಂಚಿನ ಮೇಲೆ ಇನ್ನೊಂದು ಸುತ್ತಿಕೊಂಡು ಎಲೆ ಪೂರ್ತಿ ಒಂದೇ ಸುರುಳಿ ಆಗಿದ್ದರೆ ಕ್ರಿಪ್ಟ್. ಭೂತಗನ್ನಡಿ ಸಾಕು. ರಸ ಕೈಗೆ ತಾಗಿದರೆ ತುರಿಸಬಹುದು, ಕೆಸುವಿನಲ್ಲಿರುವ ಅದೇ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇದರಲ್ಲೂ ಇದೆ. ಒಂದು ಪ್ರಭೇದದ ಹೆಸರೇ ಟಾಕ್ಸಿಕೇರಿಯಾ.

ರೋಟಾಲಾ ಹುಡುಕಿಕೊಂಡು ಕಾಡಿನ ಕತ್ತಲಿಗೆ ಹೋಗಬೇಡಿ. ಅವಕ್ಕೆ ಬಿಸಿಲು ಬೇಕು. ಬಯಲಿನ ಜೌಗು, ಗದ್ದೆ ಬದು, ಜಂಬಿಟ್ಟಿಗೆ ಕಲ್ಲಿನ ಮೇಲೆ ಮಳೆಗಾಲದಲ್ಲಿ ನಿಲ್ಲುವ ತೆಳು ನೀರು, ಇಂಥ ಕಡೆ ಇರುತ್ತವೆ.

ಪಾಂಡವಪುರದ ಗದ್ದೆ:

ಮೇಷ್ಟ್ರು ಗದ್ದೆ ಬದು ಅಂದಿದ್ದಕ್ಕೆ ಬರೀತಿದ್ದೀನಿ. ನೀವು ಮೈಸೂರಿನವರು ಗಿಡ ನೋಡೋಕೆ ಕೊಡಗಿಗೇ ಯಾಕೆ ಹೋಗಬೇಕು? ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಕೆಳಗಿನ ಗದ್ದೆಗೆ ಬನ್ನಿ. ನಾಟಿ ಮಾಡಿ ಒಂದು ತಿಂಗಳು ಆದ ಮೇಲೆ ಬದುವಿನ ಅಂಚಲ್ಲಿ ಬಗ್ಗಿ ನೋಡಿದರೆ ನೀರುಬ್ರಾಹ್ಮಿ, ನಾಲ್ಕೆಲೆಯ ಮಾರ್ಸಿಲಿಯಾ, ಸಣ್ಣ ಎಲೆಯ ರೋಟಾಲಾ ಇಂಡಿಕಾ, ಕಾಂಡ ಕೆಂಪಗಿರುವ ಲುಡ್ವಿಜಿಯಾ ಎಲ್ಲಾ ಇರುತ್ತವೆ. ನಮಗೆ ಅವೆಲ್ಲ ಕಳೆ, ಕಿತ್ತು ಬದುವಿಗೆ ಎಸೆಯುತ್ತೇವೆ. ಉಪನಾಲೆಯಲ್ಲಿ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಎಷ್ಟು ಬೇಕಾದರೂ ಇದೆ. ಬೇಸಿಗೆಯಲ್ಲಿ ನಾಲೆ ನಿಲ್ಲಿಸಿದಾಗ ತಳದ ಹೂಳಲ್ಲಿ ಅಂಟಿಕೊಂಡು ಬಿದ್ದಿರುತ್ತೆ.

ಎರಡು ಮಾತು ಮಾತ್ರ ಕೇಳಿ. ಒಂದು, ದೊಡ್ಡ ನಾಲೆಗೆ ಇಳಿಯಬೇಡಿ. ಮೇಲೆ ತಣ್ಣಗೆ ಕಾಣುತ್ತದೆ, ಒಳಗೆ ಸೆಳೆತ ಇರುತ್ತದೆ, ಗೋಡೆ ಜಾರುತ್ತದೆ, ಹತ್ತಿ ಬರೋಕೆ ಹಿಡಿ ಸಿಗಲ್ಲ. ನಮ್ಮೂರ ಈಜು ಬಲ್ಲ ಹುಡುಗರೇ ಕೊಚ್ಚಿ ಹೋಗಿದ್ದಾರೆ. ಎರಡು, ಗದ್ದೆಯವರನ್ನು ಕೇಳಿ ಇಳಿಯಿರಿ. ಕಳೆ ಔಷಧಿ ಯಾವಾಗ ಹೊಡೆದರು, ಹುಳದ ಔಷಧಿ ಯಾವಾಗ ಹೊಡೆದರು ಅನ್ನುವುದು ಅವರಿಗೇ ಗೊತ್ತು. ನಿಮ್ಮ ತೊಟ್ಟಿಯ ಸೀಗಡಿ ಸಾಯೋಕೆ ಒಂದು ತೊಟ್ಟು ಸಾಕು.

ಸರಸ್ವತಿಪುರಂ ಟ್ಯಾಂಕ್:

ಅಣ್ಣ, ಖಂಡಿತ ಬರುತ್ತೇವೆ. ಔಷಧಿ ಹೊಡೆದ ಗದ್ದೆಯ ಗಿಡ ತಂದರೆ ಏನು ಮಾಡಬೇಕು?

ಪಾಂಡವಪುರದ ಗದ್ದೆ:

ನಾನು ತರಲೇಬೇಡಿ ಅಂತೀನಿ. ಔಷಧಿ ಹೊಡೆಯದ ಬದು ಬೇಕಾದಷ್ಟಿದೆ. ಅದರಿಂದ ತಂದರೂ ಬಕೆಟ್‌ನಲ್ಲಿ ಬೇರೆ ಇಟ್ಟು ಎರಡು ಮೂರು ವಾರ ನೀರು ಬದಲಾಯಿಸಿ. ಹೊಸ ಚಿಗುರು ಬಂದ ಮೇಲೆ ಆ ಚಿಗುರನ್ನಷ್ಟೇ ಕತ್ತರಿಸಿ ತೊಟ್ಟಿಗೆ ಹಾಕಿ, ಹಳೇ ಕಾಂಡ ಬಿಸಾಡಿ. ಬಸವನಹುಳು ಮೊಟ್ಟೆ, ಏರೋಪ್ಲೇನ್ ಚಿಟ್ಟೆಯ ಮರಿ ಎಲ್ಲ ಹಳೇ ಕಾಂಡದ ಜೊತೆಗೇ ಹೋಗುತ್ತವೆ. ಆ ಮರಿ ಸಣ್ಣ ಮೀನನ್ನೂ ಹಿಡಿದು ತಿನ್ನುತ್ತದೆ, ಗೊತ್ತಿರಲಿ.

ಕುಚಿಂಗ್‌ನಲ್ಲಿರುವ ಶ್ರೀರಂಗಪಟ್ಟಣದವ:

ಬೋರ್ನಿಯೋ ಮಾತು ಬಂತಲ್ಲ, ಅದಕ್ಕೇ ಬಂದೆ. ನಾನು ಕೆಲಸದ ಮೇಲೆ ಸರವಾಕ್‌ನಲ್ಲಿದ್ದೇನೆ, ಬೋರ್ನಿಯೋದಲ್ಲಿರುವ ಮಲೇಷ್ಯಾದ ರಾಜ್ಯ. ರಜೆ ಸಿಕ್ಕಾಗ ಊರಿನ ಗೈಡ್ ಜೊತೆ ತೊರೆ ಹತ್ತುತ್ತೇನೆ. ವಿಡಿಯೋದಲ್ಲಿ ಕಾಣದ ಕೆಲವು ವಿಷಯ ಹೇಳುತ್ತೇನೆ.

ಬ್ಯೂಸಿಫಲಾಂಡ್ರಾ ನೀವೆಲ್ಲ ಕಲ್ಲಿಗೆ ದಾರ ಸುತ್ತಿ ಬೆಳೆಸುತ್ತೀರಲ್ಲ, ಅದು ಪ್ರಪಂಚದಲ್ಲಿ ಈ ಬೋರ್ನಿಯೋ ದ್ವೀಪ ಬಿಟ್ಟು ಬೇರೆಲ್ಲೂ ಕಾಡಿನಲ್ಲಿ ಇಲ್ಲ. ತೊರೆ ನಡುವಿನ ಬಂಡೆಗೆ ಗಿಡ ಅಂಟಿಕೊಂಡಿರುತ್ತದೆ. ಬೇರು ಕಲ್ಲಿನ ಸಣ್ಣ ಸಣ್ಣ ಒರಟಿಗೆ ಹೇಗೆ ಒತ್ತಿಕೊಂಡಿರುತ್ತದೆ ಅಂದರೆ, ಬೆರಳಿಂದ ಎಬ್ಬಿಸಲು ಹೋದರೆ ಎಲೆ ಕಿತ್ತು ಬರುತ್ತದೆ, ಬೇರು ಬರುವುದಿಲ್ಲ. ಮಧ್ಯಾಹ್ನ ಮಳೆ ಬಂದರೆ ಗಿಡ ಪೂರ್ತಿ ಮುಳುಗುತ್ತದೆ, ಮರುದಿನ ನೀರು ಇಳಿದಾಗ ಮತ್ತೆ ಗಾಳಿಗೆ ಬರುತ್ತದೆ. ಹತ್ತಿರದಿಂದ ನೋಡಿದರೆ ಎಲೆಯ ಮೇಲೆ ನೀಲಿ ಮಿಂಚು, ಅದರ ಮೇಲೆ ಸಣ್ಣ ಬಿಳಿ ಚುಕ್ಕಿಗಳು. ಬಿಳಿ ಹೂವು ನೀರಿಗಿಂತ ಮೇಲೆ ಇರುವಾಗ ಬಿಡುತ್ತದೆ. ಎಲ್ಲಾ ಬಂಡೆಯ ಮೇಲೂ ಇರುವುದಿಲ್ಲ. ಸದಾ ತೇವ ಇರುವ, ಆದರೆ ಹೂಳು ಕೂರದ ಬಂಡೆಯೇ ಬೇಕು. ಅದಕ್ಕೇ ತೊಟ್ಟಿಯಲ್ಲಿ ಈ ಗಿಡದ ಗೆಡ್ಡೆಯನ್ನು ಮಣ್ಣಲ್ಲಿ ಹೂತರೆ ಕೊಳೆಯುತ್ತದೆ.

2014ರವರೆಗೆ ಈ ಕುಲದಲ್ಲಿ ಹೆಸರಿಟ್ಟ ಪ್ರಭೇದ ಬರೀ 3. ಆ ವರ್ಷ ಸಸ್ಯವಿಜ್ಞಾನಿಗಳಾದ ವಾಂಗ್ ಮತ್ತು ಬಾಯ್ಸ್ ಒಟ್ಟಿಗೇ ಇಪ್ಪತ್ತಕ್ಕೂ ಹೆಚ್ಚು ಹೊಸ ಪ್ರಭೇದಗಳನ್ನು ಹೆಸರಿಸಿದರು. ಎಷ್ಟೋ ಪ್ರಭೇದಗಳ ನೆಲೆ ತುಂಬಾ ಚಿಕ್ಕದು. ಈಗ ಯೋಚನೆ ಮಾಡಿ. ವ್ಯಾಪಾರಕ್ಕೆ ಕೀಳುವವರು ಬಂಡೆ ಬಂಡೆಯನ್ನೇ ಬರಿದು ಮಾಡಿ ಮೂಟೆ ಕಟ್ಟಿ ಸಾಗಿಸಿದರೆ ಉಳಿಯುವುದೇನು? ಗಿಡ ಬೆಳೆಯುವುದು ಬಹಳ ನಿಧಾನ. ಇಲ್ಲಿ ಅನುಮತಿ ಇಲ್ಲದೆ ಕಾಡಿನ ಗಿಡ ಒಯ್ಯುವುದು ಅಪರಾಧ, ಆದರೂ ಆನ್‌ಲೈನ್‌ನಲ್ಲಿ ಕಾಡಿನಿಂದ ಕಿತ್ತ ಗಿಡಗಳು ಮಾರಾಟಕ್ಕೆ ಬರುತ್ತಲೇ ಇವೆ.

ಅಶೋಕ ರಸ್ತೆ ಅಕ್ವಾ:

ನಾನು ಗಿಡ ಮಾರುವವನು, ಸ್ವಲ್ಪ ನನ್ನ ಕಡೆ ಮಾತೂ ಕೇಳಿ. ಮೂಟೆ ಮೂಟೆ ಕೀಳುವುದು ತಪ್ಪು, ಒಪ್ಪುತ್ತೇನೆ. ಆದರೆ ಹವ್ಯಾಸಿ ಒಂದು ಹಿಡಿ ತಂದರೆ ಕಾಡು ಖಾಲಿಯಾಗುತ್ತಾ? ಈಗ ಅಂಗಡಿಯಲ್ಲಿರುವ ಎಲ್ಲಾ ಗಿಡದ ಮೂಲ ಯಾರೋ ಒಬ್ಬರು ಕಾಡಿನಿಂದ ತಂದ ಒಂದು ತುಂಡೇ ಅಲ್ವಾ? ಅವತ್ತು ಯಾರೂ ತರದೇ ಇದ್ದಿದ್ದರೆ ಇವತ್ತು ಲ್ಯಾಬಿನಲ್ಲಿ ಬೆಳೆಸೋಕೆ ಏನಿರುತ್ತಿತ್ತು? ನಮ್ಮ ಗಿಡ ನಾವೇ ಬೆಳೆಸಿದರೆ ಹೊರದೇಶದಿಂದ ತರಿಸುವುದು ತಪ್ಪುತ್ತದೆ.

ಗಿಡದ ಮೇಷ್ಟ್ರು:

ನಿಮ್ಮ ಕೊನೇ ಮಾತು ನೂರಕ್ಕೆ ನೂರು ಸರಿ. ನಮ್ಮ ಗಿಡ ನಮ್ಮ ನರ್ಸರಿಯಲ್ಲಿ ಬೆಳೆಯಬೇಕು, ಅನುಮತಿ ಪಡೆದು ತಂದ ಒಂದು ತಾಯಿಗಿಡದಿಂದ ಲ್ಯಾಬಿನಲ್ಲಿ ಸಾವಿರ ಮಾಡಬಹುದು. ವ್ಯಾಪಾರಕ್ಕಾದರೆ 2002ರ ಜೀವವೈವಿಧ್ಯ ಕಾಯ್ದೆ ಬರುತ್ತದೆ, ಅದನ್ನೂ ಪಾಲಿಸಿ ಮಾಡಿದರೆ ನಾನೇ ನಿಮ್ಮ ಮೊದಲ ಗಿರಾಕಿ.

ಆದರೆ "ಒಂದು ಹಿಡಿ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮಿಸ್ ಕೇರಳ ಮೀನನ್ನೇ ತೆಗೆದುಕೊಳ್ಳಿ. ಘಟ್ಟದ ಹೊಳೆಗಳಲ್ಲಿ ಮಾತ್ರ ಇದ್ದ ಮೀನು. 1997ರಲ್ಲಿ ಸಿಂಗಪುರದ ಪ್ರದರ್ಶನದಲ್ಲಿ ಹೆಸರು ಮಾಡಿತು, ಆಮೇಲೆ ರಫ್ತು ಏರಿತು. ಹಿಡಿದವರೆಲ್ಲ ತಾವು ಹಿಡಿದದ್ದು ಸ್ವಲ್ಪವೇ ಅಂದುಕೊಂಡಿದ್ದರು. ಈಗ ಅದು ಅಳಿವಿನಂಚಿನ ಮೀನುಗಳ ಪಟ್ಟಿಯಲ್ಲಿದೆ. ಇವತ್ತು ಆಗ್ನೇಯ ಏಷ್ಯಾದ ಫಾರಂಗಳಲ್ಲಿ ಅದರ ಮರಿ ಮಾಡುತ್ತಾರೆ, ತೊಟ್ಟಿಗೆ ಬೇಕಾದಷ್ಟು ಸಿಗುತ್ತದೆ. ನಮ್ಮ ಹೊಳೆಗೆ ಅದು ವಾಪಸ್ ಬಂದಂತೆ ಆಗಲಿಲ್ಲ. ಗಿಡಕ್ಕೆ ಕಾಲೂ ಇಲ್ಲ, ರೆಕ್ಕೆಯೂ ಇಲ್ಲ, ತಪ್ಪಿಸಿಕೊಂಡು ಮೇಲಿನ ತೊರೆಗೆ ಹೋಗಲಾರದು. ನಾಲ್ಕು ಮೊಳ ಉದ್ದದ ಕೆಸರು ಪಟ್ಟಿಯಲ್ಲಿರುವ ಗುಂಪು ಆ ತೊರೆಗೆ ಅದೊಂದೇ ಇರಬಹುದು. ಜಾಗದ ಗುರುತನ್ನು ಗುಂಪಿನಲ್ಲಿ ಹಾಕಿದರೆ ಮುಂದಿನ ವಾರ ಇನ್ನೊಬ್ಬ ಬರುತ್ತಾನೆ, ಆಮೇಲೆ ಮತ್ತೊಬ್ಬ. ದಯವಿಟ್ಟು ತೊರೆಯ ನಿಖರ ಜಾಗ ಯಾರೂ ಹಾಕಬೇಡಿ. ಗಿಡ, ಪ್ರಾಣಿ ಕಂಡದ್ದನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ಹಾಕುವಾಗಲೂ ಜಾಗ ಮರೆಮಾಡುವ ಆಯ್ಕೆ ಇದೆ, ಅದನ್ನು ಒತ್ತಿ.

ಅಶೋಕ ರಸ್ತೆ ಅಕ್ವಾ:

ಜಾಗದ ವಿಷಯ ಒಪ್ಪಿದೆ ಮೇಷ್ಟ್ರೇ. ಉಳಿದದ್ದು ಇನ್ನೊಮ್ಮೆ ಕೂತು ಮಾತಾಡೋಣ. ಗದ್ದೆಯ ಗಿಡಗಳನ್ನು ನಾನೂ ಬೆಳೆಸಿ ನೋಡಬೇಕು ಅನ್ನಿಸಿದೆ.

ಬೋಗಾದಿ ಬೋರ್‌ವೆಲ್:

ನಡುವೆ ಒಂದು ಪ್ರಶ್ನೆ. ನಮ್ಮದು ಬೋರ್ ನೀರು, ಕೆಟಲ್‌ನಲ್ಲಿ ಬಿಳಿ ಹೊಪ್ಪಳೆ ಕಟ್ಟುವಷ್ಟು ಗಡಸು. ಬೇಸಿಗೆಯಲ್ಲಿ ತೊಟ್ಟಿ ನೀರು 30 ಡಿಗ್ರಿ ದಾಟುತ್ತದೆ. ತೊರೆಯ ಗಿಡಗಳು ನಮ್ಮಲ್ಲಿ ಬದುಕುತ್ತವಾ?

ಕುಚಿಂಗ್‌ನಲ್ಲಿರುವ ಶ್ರೀರಂಗಪಟ್ಟಣದವ:

ಯಾವ ತೊರೆ ಅನ್ನುವುದರ ಮೇಲೆ ಹೋಗುತ್ತದೆ. ಇಲ್ಲಿನ ಪೀಟ್ (ಅರೆಕೊಳೆತ ಗಿಡದ ಮಣ್ಣು) ಜೌಗಿನ ಕಪ್ಪು ನೀರು ಟೀ ಡಿಕಾಕ್ಷನ್ ಬಣ್ಣ, ಹುಳಿ ಜಾಸ್ತಿ, ಲವಣ ಹತ್ತಿರ ಹತ್ತಿರ ಸೊನ್ನೆ. ಅಲ್ಲಿನ ಕ್ರಿಪ್ಟ್ ಬೋಗಾದಿ ನೀರಲ್ಲಿ ಕರಗಿ ಹೋಗುತ್ತದೆ. ಆದರೆ ಸುಣ್ಣದ ಕಲ್ಲಿನ ಮೇಲೆ ಹರಿಯುವ ತೊರೆಗಳೂ ಇವೆ. ಥಾಯ್ಲೆಂಡ್ ಕಡೆಯ ಕ್ರಿಪ್ಟೋಕೋರೈನ್ ಕ್ರಿಸ್ಪಾಟುಲಾ, ನೀವು ಬಲಾನ್ಸೇ ಅಂತ ಕೊಳ್ಳುವ ಉದ್ದ ಮಡಿಕೆ ಎಲೆಯ ಗಿಡ, ಸುಣ್ಣದ ನೀರಿನದ್ದೇ. ನಿಮಗೆ ಅದು ಹೇಳಿ ಮಾಡಿಸಿದ ಗಿಡ. ತೊರೆ ನೋಡಿದ ಮೇಲೆ ನನಗೆ ಆದ ದೊಡ್ಡ ಲಾಭ ಇದೇ. ಗಿಡಕ್ಕೆ ತಕ್ಕ ಹಾಗೆ ನೀರನ್ನು ಬಗ್ಗಿಸುವ ಬದಲು ನನ್ನ ನೀರಿಗೆ ತಕ್ಕ ಗಿಡ ಆರಿಸುವುದನ್ನು ಕಲಿತೆ.

ಗಿಡದ ಮೇಷ್ಟ್ರು:

ಇದಕ್ಕೆ ಸೇರಿಸುತ್ತೇನೆ. ನಮ್ಮ ದಕ್ಷಿಣದ ಹೊಳೆಗಳ ಕ್ರಿಪ್ಟೋಕೋರೈನ್ ರೆಟ್ರೋಸ್ಪೈರಾಲಿಸ್ ಮಳೆಗಾಲದಲ್ಲಿ ಮುಳುಗಿ, ನೀರು ಇಳಿದಾಗ ಬಿಸಿಲಿಗೆ ಬಂದು ಹೂ ಬಿಡುವ ಗಿಡ. ನೀರಿನ ಏರಿಳಿತ ಅದಕ್ಕೆ ಹುಟ್ಟಿನಿಂದಲೇ ಅಭ್ಯಾಸ. ಗಡಸು ಕಡಿಮೆ ಮಾಡಬೇಕಿದ್ದರೆ ಮನೆ ಮಾಡಿನ ಮಳೆನೀರು ಹಿಡಿದು ಬೆರೆಸಿ, ಮೊದಲ ಮಳೆ ಬಿಟ್ಟು. ಬಿಸಿಗೆ, ತೊಟ್ಟಿ ಮೇಲೆ ಸಣ್ಣ ಫ್ಯಾನ್ ಇಟ್ಟರೆ ನೀರು ಆವಿಯಾಗಿ ತಣ್ಣಗಾಗುತ್ತದೆ.

ಗಾಜನೂರು ಗಾಜಿನ ತೊಟ್ಟಿ:

ಬಂಡೆ ಮೇಲೆ ರಭಸದ ನೀರಲ್ಲಿ ಪಾಚಿಯ ಹಾಗೆ ಹಬ್ಬಿರುತ್ತಲ್ಲ, ಅದನ್ನು ಕೆರೆದು ತಂದು ಮಾಸ್ ತರ ಬೆಳೆಸಬಹುದಾ? ತುಂಗೆ ಕಡೆ ನೋಡಿದ್ದೆ.

ಗಿಡದ ಮೇಷ್ಟ್ರು:

ನೀವು ಹೇಳುವುದು ಪೋಡೋಸ್ಟೆಮೇಸೀ ಕುಟುಂಬದ ಗಿಡ ಇರಬಹುದು. ಪಾಚಿ ಹಾಗೆ ಕಂಡರೂ ಹೂ ಬಿಡುವ ಗಿಡ ಅದು. ಮಳೆಗಾಲವಿಡೀ ಜೋರು ನೀರೊಳಗೆ ಬೆಳೆದು, ನೀರು ಇಳಿದು ಬಂಡೆ ಗಾಳಿಗೆ ಬಂದ ಕೂಡಲೇ ಆತುರದಲ್ಲಿ ಹೂ ಬಿಟ್ಟು ಬೀಜ ಮಾಡುತ್ತದೆ. ಬೀಜ ಒದ್ದೆಯಾದಾಗ ಅಂಟಾಗಿ ಬಂಡೆಗೆ ಕಚ್ಚಿಕೊಳ್ಳುತ್ತದೆ, ಮುಂದಿನ ಮಳೆಗೆ ಮೊಳೆಯುತ್ತದೆ. ತೊಟ್ಟಿಯಲ್ಲಿ ಉಳಿಯುವುದಿಲ್ಲ. ಮೇಲೆ ಅಣೆಕಟ್ಟು ಬಂದು ನೀರಿನ ಏರಿಳಿತ ನಿಂತರೆ ಹೊಳೆಯಲ್ಲೂ ಉಳಿಯುವುದಿಲ್ಲ. ಕೆರೆಯಬೇಡಿ.

ಸರಸ್ವತಿಪುರಂ ಟ್ಯಾಂಕ್:

ಹೋಗಿ ಬಂದೆವು! ಇರ್ಪು ಕಡೆ ಜಲಪಾತ ನೋಡಿಕೊಂಡು ಕೈ ಕಟ್ಟಿಕೊಂಡೇ ವಾಪಸ್ ಬಂದೆವು. ಪೂರ್ತಿ ಸಮಯ ತೋಟದ ತೊರೆಯಲ್ಲೇ. ಮಾವನವರು ತಾವೇ ಜೊತೆಗೆ ಬಂದು, ಹಿಂದಿನ ರಾತ್ರಿ ಆನೆ ಎಲ್ಲಿ ದಾಟಿತ್ತು ಅಂತ ತೋರಿಸಿ, ಬೆಳಿಗ್ಗೆ ಎಂಟರ ಮೇಲೆ ಮಾತ್ರ ಇಳಿಯಲು ಬಿಟ್ಟರು. ಜಿಗಣೆಗೆ ಹೊಗೆಸೊಪ್ಪಿನ ನೀರು, ಸಾಕ್ಸ್ ಮೇಲೆ ಸುಣ್ಣ. ಆದರೂ ಹತ್ತಿದವು.

ಮೇಷ್ಟ್ರು ಹೇಳಿದ ಹಾಗೆ ತಿರುವಿನ ಒಳಮಗ್ಗುಲಲ್ಲೇ ಸಿಕ್ಕಿತು. ಎರಡು ಬಂಡೆ ನಡುವೆ ಮರಳು ಸೇರಿದ್ದ ಒಂದು ಮೂಲೆ. ಮೊದಲು ಎಲ್ಲರೂ ಕೆಸುವಿನ ಮರಿ ಅಂದುಕೊಂಡೆವು. ಗೇಣುದ್ದದ ಎಲೆ, ಅಂಚು ಸ್ವಲ್ಪ ಅಲೆಅಲೆ, ತೊಟ್ಟು ನೇರಳೆ. ನಡುವಿನಿಂದ ಸೂಜಿಯ ಹಾಗೆ ಎದ್ದಿದ್ದ ಎಳೆ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಎರಡೂ ಅಂಚು ಒಳಗೆ ಸುರುಳಿ, ನಡುವೆ ಸಣ್ಣ ಗೆರೆ. ಲ್ಯಾಜೆನಾಂಡ್ರಾ! ಗೆಡ್ಡೆ ಬೆರಳಿನ ದಪ್ಪ, ಮರಳಿನ ಮೇಲೆ ಅರ್ಧ ಕಾಣುತ್ತಿತ್ತು, ಬೇರು ಮಾತ್ರ ಕಲ್ಲಿನ ಅಡಿಗೆ ಹೋಗಿತ್ತು. ನೀರೊಳಗೆ ಮುಳುಗಿದ್ದ ಎಲೆಗಳು ತೆಳ್ಳಗೆ, ಕಂದುಗೆಂಪು. ಮೇಲಿದ್ದವು ದಪ್ಪ, ಕಡು ಹಸಿರು. ಒಂದೇ ಗಿಡದಲ್ಲಿ ಎರಡೂ ಇದ್ದವು.

ಅಳೆದದ್ದು: ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಲೆಕ್ಕ) 40ರ ಆಸುಪಾಸು, ಪಿಹೆಚ್ 6.5ಕ್ಕೆ ಹತ್ತಿರ, ಬೆಳಿಗ್ಗೆ ನೀರು 20 ಡಿಗ್ರಿ. ಗಿಡದ ಮೇಲೆ ನೇರ ಬಿಸಿಲು ಬಿದ್ದದ್ದು ಮಧ್ಯಾಹ್ನ ಸ್ವಲ್ಪ ಹೊತ್ತು ಮಾತ್ರ, ಉಳಿದಂತೆ ಪೂರ್ತಿ ನೆರಳು. ನಾನು ಮನೆಯಲ್ಲಿ ಎಂಟು ಗಂಟೆ ಜೋರು ಲೈಟ್ ಉರಿಸಿ ಎಲೆ ಮೇಲೆ ಪಾಚಿ ಯಾಕೆ ಬರುತ್ತದೆ ಅಂತ ಕೇಳುತ್ತಿದ್ದೆನಲ್ಲ, ಉತ್ತರ ಅಲ್ಲಿ ಕಣ್ಣೆದುರಿಗೇ ಇತ್ತು. ಬಂದ ದಿನವೇ ಲೈಟ್ ಇಳಿಸಿದೆ.

ಮಾವನವರೇ ಒಂದು ಪಕ್ಕದ ಕವಲು ಕತ್ತರಿಸಿ ಕೊಟ್ಟರು, ತಾಯಿಗಿಡ ಅಲುಗಲಿಲ್ಲ. ಒದ್ದೆ ಪೇಪರ್ ಸುತ್ತಿ, ಕವರ್‌ಗೆ ಗಾಳಿ ತುಂಬಿ, ಥರ್ಮಾಕೋಲ್ ಡಬ್ಬಿಯಲ್ಲಿ ತಂದೆ. ಈಗ ಇದನ್ನು ನೇರ ನೀರೊಳಗೆ ಹಾಕಲಾ?

ಗಿಡದ ಮೇಷ್ಟ್ರು:

ಓದಿ ತುಂಬಾ ಖುಷಿಯಾಯಿತು. ನೇರ ಮುಳುಗಿಸಬೇಡಿ. ಗಾಳಿಯಲ್ಲಿ ಬೆಳೆದ ಎಲೆ ನೀರೊಳಗೆ ಕೊಳೆಯುತ್ತದೆ. ಮುಚ್ಚಳ ಇರುವ ಪಾರದರ್ಶಕ ಡಬ್ಬಿಯಲ್ಲಿ ಮರಳು ಮತ್ತು ಕೆಂಪುಮಣ್ಣು ಹಾಕಿ, ಗೆಡ್ಡೆಯ ತಲೆ ಮೇಲಿರುವಂತೆ ನೆಟ್ಟು, ಬೇರು ಮುಳುಗುವಷ್ಟು ನೀರು ನಿಲ್ಲಿಸಿ. ನೆರಳಲ್ಲಿಡಿ. ಮೂರು ನಾಲ್ಕು ಹೊಸ ಎಲೆ ಬಂದ ಮೇಲೆ ವಾರಕ್ಕಿಷ್ಟು ಅಂತ ನೀರು ಏರಿಸಿ. ಮತ್ತೆ, ಆ ಡಬ್ಬಿಯ ನೀರಾಗಲಿ, ಕತ್ತರಿಸಿದ ಚೂರಾಗಲಿ ಕುಕ್ಕರಹಳ್ಳಿ ಕೆರೆಗೋ ಲಿಂಗಾಂಬುಧಿ ಕೆರೆಗೋ ಚೆಲ್ಲಬೇಡಿ. ತೊಟ್ಟಿ ಗಿಡದ ವಿಷಯದಲ್ಲೂ ಅಷ್ಟೇ. ಕೇರಳದ ಪೇರಾಂಬ್ರ ಹತ್ತಿರ 2020ರಲ್ಲಿ ತೋಡು ತುಂಬಾ ಗುಲಾಬಿ ಹೂ ಬಿಟ್ಟು ಜನ ನೋಡಲು ಮುಗಿಬಿದ್ದ ಕಬೊಂಬಾ ಕೂಡ ಅಕ್ವೇರಿಯಂ ಗಿಡವೇ, ನಮ್ಮ ದೇಶದ್ದಲ್ಲ. ಅದು ಹಬ್ಬಿದ ಕಡೆ ಊರಿನ ನೀರುಗಿಡಕ್ಕೆ ಬೆಳಕು ಸಿಗುವುದಿಲ್ಲ.

ಪಾಂಡವಪುರದ ಗದ್ದೆ:

ನಮ್ಮ ಕಡೆ ಅಂತರಗಂಗೆ ಒಂದೇ ಸಾಕಾಗಿದೆ ಸ್ವಾಮಿ, ಇನ್ನೊಂದು ಬೇಡ. ಮುಂದಿನ ನಾಟಿ ಆದ ಮೇಲೆ ಎಲ್ಲರೂ ಬನ್ನಿ, ಔಷಧಿ ಹೊಡೆಯದ ಎರಡು ಬದು ನಿಮಗೋಸ್ಕರ ಬಿಟ್ಟಿರುತ್ತೇನೆ. ಅಕ್ವಾದವರೂ ಬರಲಿ, ಎಷ್ಟು ಬೇಕಾದರೂ ಕೀಳಲಿ, ನನಗೆ ಕಳೆ ಕೂಲಿ ಉಳಿಯುತ್ತದೆ.

ಅಶೋಕ ರಸ್ತೆ ಅಕ್ವಾ:

ಬರ್ತೀನಿ ಅಣ್ಣ. ಬಕೆಟ್ ನನ್ನದು.

ಸರಸ್ವತಿಪುರಂ ಟ್ಯಾಂಕ್:

ಡಬ್ಬಿ ರೆಡಿ ಮಾಡಿದೆ. ಮೇಷ್ಟ್ರೇ, ಲೇಬಲ್ ಮೇಲೆ ಮೀಬೋಲ್ಡಿ ಅಂತ ಬರೆಯಲಾ?

ಗಿಡದ ಮೇಷ್ಟ್ರು:

ಬೇಡ. ಹೂವು ನೋಡದೆ ಪ್ರಭೇದ ಹೇಳಬಾರದು, ಮೀಬೋಲ್ಡಿ, ಓವಾಟಾ, ಟಾಕ್ಸಿಕೇರಿಯಾ ಎಲ್ಲಾ ನಮ್ಮ ಘಟ್ಟದವೇ. ಲ್ಯಾಜೆನಾಂಡ್ರಾ ಅಂತಷ್ಟೇ ಬರೆಯಿರಿ. ಕೆಳಗೆ ತಾಲ್ಲೂಕು, ತಿಂಗಳು, ನೀವು ಅಳೆದ ನೀರಿನ ಲೆಕ್ಕ. ಹೂ ಬಂದಾಗ ಹೊರಗಿನ ಹೊದಿಕೆಯನ್ನು ಉದ್ದಕ್ಕೆ ಸೀಳಿ ಒಳಗಿನ ಫೋಟೋ ಹಾಕಿ, ಆಗ ಹೇಳುತ್ತೇನೆ.